ಸಿಪ್ಪೆಯಿಲ್ಲದ ಭಜ್ಜಿ

ಹುಡಗಿ ಗಯಾಬಾಯಿ ಎಂದರೆ ಹುಮನಾಬಾದ ಸಂತೆಗೆ ಹೊಸದಾಗಿ ಬಂದವರು ಹದಿನೆಂಟರ ಪೋರಿಯೊಬ್ಬಳನ್ನು ಹುಡುಕುತ್ತಾರೆ. ಹುಡಗಿ ಊರಿನ ಹೆಸರು. ಗಯಾಬಾಯಿಗೆ ಐವತ್ತೆಂಟು. ನಲವತ್ತು ವರ್ಷದಿಂದ ಆ ಸಂತೆಯ ಗಟಾರದ ಪಕ್ಕ ಗೋಣಿತಟ್ಟು ಹಾಸಿ ಕಾಯಿಪಲ್ಯ ಮಾರುತ್ತ ಬಂದವಳು. ಮಳೆ ಬಂದರೆ ಕೆಳಗಿನ ಗೋಣಿತಟ್ಟೇ ತಲೆಯ ಮೇಲೆ ಏರುತ್ತಿತ್ತು. ಮೊಣಕಾಲು ಸವೆದು ಈಗ ಕೂತವಳು ಏಳಬೇಕೆಂದರೆ ಯಾರಾದರೂ ಕೈ ಕೊಡಬೇಕು. ಕೈ ಕೊಡುವವರು ಸಿಗದಿದ್ದರೆ ಕರೆಂಟಿನ ಕಂಬ ಇದ್ದೇ ಇದೆ.

ಅವಳ ಮನೆ ಹುಡಗಿಯ ಕೆಳಗಿನ ಓಣಿಯಲ್ಲಿ. ಕೆಳಗಿನ ಓಣಿ ಎಂದರೇನು ಎಂದು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಓಣಿಯವರು ಅವಳ ಕೈಯಿಂದ ಹಸಿ ಮೆಂತೆ ತೆಗೆದುಕೊಳ್ಳುತ್ತಾರೆ. ಅದೇ ಮೆಂತೆಯನ್ನು ಅವಳು ಬೇಯಿಸಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ನಡುವೆ ಇರುವುದು ಒಲೆಯ ಬೆಂಕಿ ಮಾತ್ರ.

ಆ ಬೆಂಕಿಯ ಮುಂದೆ ಕೂತರೆ ಗಯಾಬಾಯಿಯ ಸಮಕ್ಕೆ ನಿಲ್ಲುವವರು ಎರಡು ತಾಲೂಕಿನಲ್ಲಿ ಇರಲಿಲ್ಲ. ಅವಳ ಭಜ್ಜಿಯ ಮಾತೇ ಬೇರೆ. ಬೆಂಗಳೂರು ಕಡೆಯವರು ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದುಕೊಳ್ಳುತ್ತಾರೆ. ಪಾಪ, ಅವರಿಗೆ ಗೊತ್ತಿಲ್ಲ. ಬೀದರ ಸೀಮೆಯ ಭಜ್ಜಿ ಎಂದರೆ ಎಳ್ಳ ಅಮಾಸಿಗೆ ಹೊಲದಲ್ಲಿ ಕೂತು ಸಜ್ಜಿ ರೊಟ್ಟಿಯೊಂದಿಗೆ ಉಣ್ಣುವ ಪಲ್ಯ. ಸುಲಗಾಯಿ ಎನ್ನುವ ಹಸಿ ಕಡಲಿ, ಹಸಿ ತೊಗರಿ, ಅವರಿಕಾಯಿ, ಬದನಿ, ಮೆಂತೆ, ಹುಳಿಗೆ ಹುಣಚಿಕ್ಕಿ, ಜೊತೆಗೆ ನಾಲ್ಕು ಬಾರಿಹಣ್ಣು. ಆ ವಾರ ಹೊಲ ಏನೇನು ಕೊಟ್ಟಿದೆಯೋ ಅದೆಲ್ಲ ಒಂದೇ ಗಡಿಗೆಗೆ. ಕೊನೆಗೆ ಕಡಲಿ ಹಿಟ್ಟು ಕಲಸಿ ಹೊಯ್ದು, ಹಸಿಮೆಣಸು ಬಳ್ಳುಳ್ಳಿ ಜಜ್ಜಿದ ಒಗ್ಗರಣೆ. ಎಲ್ಲರ ಮನೆಯಲ್ಲೂ ಆಗುತ್ತದೆ. ಗಯಾಬಾಯಿ ಮಾಡಿದರೆ ಮಾತ್ರ ಒಂದೊಂದು ಕಾಳೂ ತನ್ನ ತನ್ನ ರುಚಿ ಉಳಿಸಿಕೊಂಡು ಬಾಯಿಗೆ ಬರುತ್ತದೆ. ಅದನ್ನು ಕೆಳಗಿನ ಓಣಿಯ ಹೊರಗೆ ಯಾರೂ ಉಂಡಿರಲಿಲ್ಲ ಅಷ್ಟೆ.

ಹೋದ ಚಳಿಗಾಲದಲ್ಲಿ ಬಸವಕಲ್ಯಾಣದ ಬೇಳೆ ಗಿರಣಿಯ ಸಾಹುಕಾರ ವೈಜನಾಥ ತನ್ನ ಗಿರಣಿಯ ಅಂಗಳದಲ್ಲಿ ರವಿವಾರದ ‘ತಾಜಾ ಸಂತೆ’ ತೆರೆದ. ರೈತರೇ ತರಬೇಕು, ರೈತರೇ ಮಾರಬೇಕು. ತಗಡಿನ ನೆರಳು, ಕೆಳಗೆ ಸಾಲಾಗಿ ಕಲ್ಲಿನ ಕಟ್ಟೆಗಳು. ಒಂದು ಕಟ್ಟೆಗೆ ಮಾತ್ರ ನಳವೂ ಒಲೆಯೂ ಇದ್ದವು. ಅದು ಬೇಯಿಸಿ ಬಡಿಸುವವರಿಗೆ. ಮೊದಲ ಮೂರು ರವಿವಾರ ಯಾರ ಗಡಿಗೆ ಖಾಲಿಯಾಗುತ್ತದೋ ಆ ಕಟ್ಟೆ ಅವರಿಗೆ ಕಾಯಂ ಎಂದು ಮೊಬೈಲಿನಲ್ಲಿ ಫಾರಂ ಬಂತು. ಅಂಗನವಾಡಿಯಲ್ಲಿ ಕಲಿಸುವ ಮಗಳು ವರ್ಷಾ ಅದನ್ನು ತುಂಬಿಬಿಟ್ಟಳು. ಹೆಸರು ಕೇಳಿತ್ತು, ಊರು ಕೇಳಿತ್ತು, ಅಡಿಗೆಯ ಹೆಸರು ಕೇಳಿತ್ತು. ಓಣಿ ಕೇಳಿರಲಿಲ್ಲ.

“ಕಲ್ಯಾಣದಾಗ ನಿನ್ನ ಯಾರ ಕರದಾರ?” ಎಂದ ಗಂಡ ಬಂಡೆಪ್ಪ, ಕಟ್ಟಿಗೆ ಸೀಳುವುದನ್ನು ಬಿಟ್ಟು.

“ಫಾರಂ ಕರದದ.”

“ಫಾರಂ ಉಣ್ಣಂಗಿಲ್ಲ, ಗಯಾ. ಉಣ್ಣೋರು ಮಂದಿ.”

“ನಿನ್ನಂಥಾ ಗಂಡ ಮನ್ಯಾಗಿದ್ರ ಹೊರಗಿನ ವೈರಿ ಯಾಕ ಬೇಕು? ಗಡಗಿ ಎತ್ತು, ಬಸ್ಸಿನ ಹೊತ್ತಾತು,” ಎಂದಳು.

ಮೊದಲ ರವಿವಾರ ಗಡಿಗೆಯ ಮುಚ್ಚಳ ತೆಗೆದ ಮೇಲೆ ಒಂದು ತಾಸು ಅವಳಿಗೆ ಮೈಮೇಲೆ ಖಬರಿರಲಿಲ್ಲ. ಬಿಸಿ ರೊಟ್ಟಿಯನ್ನು ವರ್ಷಾ ಬಡಿದಳು, ಅವಳು ಬಡಿಸಿದಳು. ವೈಜನಾಥ ನಿಂತಲ್ಲೇ ಉಂಡು ಬೆರಳು ನೆಕ್ಕಿದ. ಅವನ ಹೆಂಡತಿ ಸಂಗಮ್ಮ ಕಟ್ಟೆಯ ಮೇಲೆ, ಗಯಾಬಾಯಿಯ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ಎರಡು ಸಲ ಹಾಕಿಸಿಕೊಂಡಳು.

“ಏನ್ ಕೈ ಅದರಿ ಅಕ್ಕಾ ನಿಮ್ದು! ಹುಳಿ ಮುಂದ ಬರಂಗಿಲ್ಲ, ಹಿಂದಿಂದ ಬರ್ತದ.”

ಅಕ್ಕಾ. ಅದರ ಹಿಂದೊಂದು ರೀ. ಮೇಲಿನ ಓಣಿಯ ಹೆಣ್ಣುಮಕ್ಕಳಿಂದ ಇದನ್ನು ಕೇಳಲು ಗಯಾಬಾಯಿ ಐವತ್ತೆಂಟು ವರ್ಷ ಕಾಯಬೇಕಾಯಿತು. ಅದಕ್ಕೂ ಹತ್ತಾರು ಮೈಲಿ ದೂರ, ಯಾರೂ ಗುರುತು ಹಿಡಿಯದ ಊರಿಗೆ ಬರಬೇಕಾಯಿತು.

“ಅಂದಂಗ ನೀವು ಯಾರ ಪೈಕಿ ಅಕ್ಕಾ?” ಎಂದಳು ಸಂಗಮ್ಮ, ಬೆರಳು ಚೀಪುತ್ತ.

ಈ ಪ್ರಶ್ನೆ ಊಟದ ನಂತರ ಬಂದದ್ದು ಆ ದಿನದ ಪುಣ್ಯ. “ಹುಮನಾಬಾದ ಕಡೇರ ಪೈಕಿರಿ,” ಎಂದಳು ಗಯಾಬಾಯಿ. ಸಂಗಮ್ಮ ನಕ್ಕಳು. ಹನ್ನೆರಡಕ್ಕೆಲ್ಲ ಗಡಿಗೆಯ ತಳ ಕಂಡಿತು. ಬಸ್ಸಿನಲ್ಲಿ ಗಯಾಬಾಯಿ ಖಾಲಿ ಗಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಳು; ಕಂಡಕ್ಟರ್ ಕೆಳಗಿಡು ಎಂದರೂ ಇಡಲಿಲ್ಲ.

ಎರಡನೇ ರವಿವಾರ ಇನ್ನೂ ದೊಡ್ಡ ಗಡಿಗೆ. ಒಲೆಯ ಮುಂದೆ ಮೂವತ್ತು ಜನರ ಪಾಳಿ, ಎಲ್ಲರ ಮುಂದೆ ಎಲೆ ಹಿಡಿದ ಸಂಗಮ್ಮ. ಅಷ್ಟರಲ್ಲಿ ಬಂದಳು ರೂಪಾಲಿ. ವೈಜನಾಥನ ಮಗ ಬಸವಕಿರಣನ ಹೆಂಡತಿ. ತವರು ಹುಡಗಿ, ಮೇಲಿನ ಓಣಿಯ ದೊಡ್ಡ ಹೊಲದ ಮನೆ. ಹೆರಿಗೆಗೆ ಹೋದವಳು ಆ ವಾರವೇ ಕೂಸಿನೊಂದಿಗೆ ಮರಳಿದ್ದಳು. ಗಯಾಬಾಯಿಯನ್ನು ಕಂಡದ್ದೇ ತಡ, ಮುಖ ಅರಳಿತು.

“ಏ ಗಯಾ! ನೀ ಇಲ್ಲಿ? ಅತ್ತೀ, ಈಕಿ ನಮ್ಮ ಗಯಾರಿ! ನಮ್ಮೂರ ಕೆಳಗಿನ ಓಣಿ ಗಯಾ! ನಾ ಸಣ್ಣಾಕಿದ್ದಾಗ ಹೊಲದಾಗ ಸುಲಗಾಯಿ ಸುಟ್ಟು ಕೊಡ್ತಿದ್ಳು. ಮನ್ಯಾಗ ಹೇಳಬ್ಯಾಡ ಅಂತ ಆಣಿ ಹಾಕಸ್ಕೋತಿದ್ದೆ, ಅಲಾ ಗಯಾ?”

ರೂಪಾಲಿಯ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಪ್ರೀತಿಯಿಂದಲೇ ಕೂಗಿದಳು. ಊರಿನ ಮೇಲಿನ ಓಣಿಯಲ್ಲಿ ಬೆಳೆದವರಿಗೆ ಕೆಳಗಿನ ಓಣಿ ಎಂಬುದು ಬರೀ ವಿಳಾಸ. ಅದನ್ನು ಹೇಳಿದರೆ ಒಬ್ಬಳ ಬಾಯಿಗೆ ಮಣ್ಣು ಬೀಳುತ್ತದೆ ಎಂದು ಅವರಿಗೆ ಯಾರೂ ಕಲಿಸಿರುವುದಿಲ್ಲ. ಕಲಿಯುವ ಗರಜೂ ಬಿದ್ದಿರುವುದಿಲ್ಲ.

ಸಂಗಮ್ಮ ಮುಂದೆ ಚಾಚಿದ್ದ ಎಲೆ ಮೆಲ್ಲಗೆ ಹಿಂದೆ ಸರಿಯಿತು.

“ಅಯ್ಯ, ಮರತೇ ಬಿಟ್ಟಿದ್ದೆ ನೋಡು. ಇವತ್ತ ನಂದು ಒಪ್ಪತ್ತ ಅದ.”

ರವಿವಾರ ಮೈಲಾರಲಿಂಗನ ಹೆಸರಿನಲ್ಲಿ ಒಪ್ಪತ್ತು ಮಾಡುವವರು, ದಿನಕ್ಕೊಂದೇ ಹೊತ್ತು ಉಣ್ಣುವವರು, ಈ ಕಡೆ ಇದ್ದಾರೆ, ಇಲ್ಲವೆಂದಲ್ಲ. ಆದರೆ ಆ ದಿನ ಕಲ್ಯಾಣದ ಅರ್ಧ ಊರಿಗೆ ಒಂದೇ ಗಳಿಗೆಯಲ್ಲಿ ಒಪ್ಪತ್ತು ಬಂತು. ಸಂಗಮ್ಮನ ಹಿಂದಿನವಳಿಗೂ ಒಪ್ಪತ್ತು, ಅವಳ ಹಿಂದಿನವನಿಗೂ ಒಪ್ಪತ್ತು. ಬಾಯಲ್ಲಿ ಜಿಲೇಬಿ ತುಂಬಿಕೊಂಡಿದ್ದವನೊಬ್ಬ ಅದನ್ನು ನುಂಗಿಯೇ ಒಪ್ಪತ್ತು ಎಂದ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಕಲ್ಯಾಣದ ಜನ ಬಹಳ ಸಭ್ಯರು. ಬೈದಿದ್ದರೆ ಗಯಾಬಾಯಿ ತಿರುಗಿ ಬೈಯುತ್ತಿದ್ದಳು, ಅದಕ್ಕೆ ಅವಳ ನಾಲಿಗೆ ಎಂದೂ ಸೋತದ್ದಿಲ್ಲ. ದೇವರ ಹೆಸರಿನ ಉಪವಾಸವನ್ನು ಏನೆಂದು ಬೈಯುವುದು?

ಅವಳ ಬುಟ್ಟಿಯಲ್ಲಿ ಉಳಿದಿದ್ದ ಹಸಿ ಪಲ್ಯ ಮಾತ್ರ ಅರ್ಧ ತಾಸಿನಲ್ಲಿ ಖಾಲಿಯಾಯಿತು. “ಮೆಂತಿ ಅದ ಏನ್ ಗಯಾ?” ಎಂದು ಕೇಳಿ ಒಯ್ದರು. ಅಕ್ಕಾ ಹೋಗಿ ಗಯಾ ಆಗಿತ್ತು. ಅದೇ ಬಾಯಿ, ಒಂದೇ ವಾರ.

ಪಕ್ಕದ ಕಟ್ಟೆಯಲ್ಲಿ ಬಾಳೆಹಣ್ಣು ಮಾರುವ ಅಕ್ರಮ್ ಎಲೆ ತಂದು ಕೂತ. ಒಂದು ಸಲ ಹಾಕಿಸಿಕೊಂಡ, ಎರಡು ಸಲ, ಮೂರು ಸಲ.

“ಸಾಕಾತೇನೋ? ಹೊಟ್ಟಿ ಒಡದೀತು,” ಎಂದಳು.

“ಮೌಸಿ, ನಂದು ಬಾಳಿಹಣ್ಣು. ಸಿಪ್ಪಿ ಅದ. ಮಾರಾಂವ ಯಾರರೆ ಇರಲಿ, ಸಿಪ್ಪಿ ತಗದ್ರ ಮಂದಿಗಿ ನಡೀತದ. ನಿನ್ನ ಭಜ್ಜಿಗಿ ಸಿಪ್ಪಿ ಇಲ್ಲ, ಅದೇ ಪಂಚಾಯ್ತಿ.”

ಗಯಾಬಾಯಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನೀರು ನಗುವಿನದೇ ಎಂದು ಸೆರಗಿನಿಂದ ಒರೆಸಿಕೊಂಡಳು.

ಆ ವಾರವಿಡೀ ಕಲ್ಯಾಣದಲ್ಲಿ ಇನ್ನೊಂದು ತಮಾಷೆ ನಡೆಯಿತು. ಮೊದಲ ರವಿವಾರ ಉಂಡವರೆಲ್ಲ ಉಂಡೇ ಇಲ್ಲ ಎನ್ನತೊಡಗಿದರು. ಒಬ್ಬ ಊರಲ್ಲೇ ಇರಲಿಲ್ಲವಂತೆ. ಇನ್ನೊಬ್ಬ ರೊಟ್ಟಿ ಮಾತ್ರ ಮುರಿದಿದ್ದನಂತೆ. ಸಂಗಮ್ಮ ತನಗೆ ಆ ದಿನ ಜ್ವರವಿತ್ತು, ಸಂತೆಗೆ ಹೋಗಿರಲಿಲ್ಲ ಎಂದು ಬೀಗರ ಮನೆಯಲ್ಲಿ ಹೇಳಿದಳು. ಅಷ್ಟು ದೊಡ್ಡ ಗಡಿಗೆ ತಾನಾಗಿ ಆವಿಯಾಗಿ ಹೋಗಿರಬೇಕು.

“ಬ್ಯಾಡ ಬಿಡವ್ವ,” ಎಂದಳು ವರ್ಷಾ. “ಮತ್ಯಾಕ ಹೋಗಿ ಮಾರಿ ತೋರಸ್ತಿ?”

“ಮೂರ ವಾರ ಅಂದಾರ. ಎರಡಾಗ್ಯಾವ.”

ಬಂಡೆಪ್ಪ ಈ ಸಲ ಬೆಳಕು ಹರಿಯುವ ಮೊದಲೇ ಎದ್ದು ತಾನೇ ಅವರಿಕಾಯಿ ಸುಲಿಯುತ್ತ ಕೂತ. ಅದೇ ಅವಳಿಗೆ ಹೆದರಿಕೆ ತಂದಿತು.

ಮೂರನೇ ರವಿವಾರ ಮೈಕು ಹಾಕಿದ್ದರು. ವೈಜನಾಥ ಶರಣರ ನಾಡು, ಎಲ್ಲರೂ ಒಂದೇ ಪಂಕ್ತಿ ಎಂದು ಮಾತಾಡುತ್ತಿದ್ದ. ಅವನು ಮಾತಾಡುವುದನ್ನು ನಂಬಿಯೇ ಮಾತಾಡುವ ಮನುಷ್ಯ. ಅದೇ ಅವನ ರೋಗ. ಮಾತು ಮುಗಿಸಿ ಕೆಳಗಿಳಿದವನ ಮುಂದೆ ಗಯಾಬಾಯಿ ಹೋಗಿ ನಿಂತಳು.

“ಸಾವಕಾರ್ರ, ಒಂದ ತುತ್ತು ನೀವು ಉಣ್ರಿ. ನೀವು ಉಂಡದ್ದು ನೋಡಿದ್ರ ಮಂದೀದು ಒಪ್ಪತ್ತ ಬಿಡ್ತದ.”

ಸುತ್ತಲಿನವರು ತಿರುಗಿ ನೋಡಿದರು. ವೈಜನಾಥನ ಕಿವಿ ಕೆಂಪಾಯಿತು. “ಯಾಕ ಉಣ್ಣಂಗಿಲ್ಲ? ನಮ್ಮ ಕಲ್ಯಾಣದಾಗ ಭೇದ ಅದ ಏನು? ಹಾಕು ಹಾಕು,” ಎಂದು ತಾಟು ಹಿಡಿದ.

ಗಯಾಬಾಯಿ ಸೌಟು ತುಂಬಿದಳು. ತುಂಬಿದ ಸೌಟು ಮೊಳ ಎತ್ತರಕ್ಕೆ ಏರಿತು, ಅಲ್ಲಿಂದ ಭಜ್ಜಿ ತಾಟಿಗೆ ಬಿತ್ತು. ಮೇಲಿನ ಓಣಿಯವರ ಬುಟ್ಟಿಗೆ ಕೈ ತಾಗಬಾರದೆಂದು ಕಾಯಿಪಲ್ಯ ಎತ್ತಿ ಹಾಕುವುದು ಹುಡಗಿಯ ಹೊಲಗಳಲ್ಲಿ ಅವಳ ಕೈಗೆ ಹತ್ತಿದ ರೂಢಿ. ಹಾಗೆ ಹಾಕೆಂದು ಯಾರೂ ಹೇಳಿರಲಿಲ್ಲ. ಮೊದಲ ರವಿವಾರ ಆ ಕೈ ಎತ್ತರಕ್ಕೆ ಹೋಗಿರಲಿಲ್ಲ. ಗಯಾಬಾಯಿ ತನ್ನ ಕೈಯನ್ನೇ ನೋಡಿದಳು, ಅದು ಬೇರೆ ಯಾರದೋ ಎಂಬಂತೆ.

“ಅಪ್ಪಾ, ಈ ಕಡೆ ನೋಡ್ರಿ,” ಎಂದ ಬಸವಕಿರಣ, ಮೊಬೈಲು ಎತ್ತಿ. ವೈಜನಾಥ ಬಲಗೈಯಲ್ಲಿ ತಾಟು ಹಿಡಿದು, ಎಡಗೈಯನ್ನು ಗಯಾಬಾಯಿಯ ಕಡೆ ಚಾಚಿ ನಕ್ಕ. ಫೋಟೋ ಆಯಿತು. ಅಷ್ಟರಲ್ಲಿ ಯಾರೋ ಕರೆದರು. “ಬಂದೆ, ಇಲ್ಲೇ ಇರಲಿ,” ಎಂದು ತಾಟನ್ನು ಕಟ್ಟೆಯ ಅಂಚಿಗಿಟ್ಟು ಹೋದ.

ಹತ್ತು ನಿಮಿಷಕ್ಕೆ ಆ ಫೋಟೋ ವರ್ಷಾಳ ಮೊಬೈಲಿಗೂ ಬಂತು: ‘ಕಲ್ಯಾಣದಲ್ಲಿ ಸಮಾನತೆಯ ಊಟ’. ಕೈ ಮುಗಿದ ಚಿತ್ರಗಳು, ಹೂವಿನ ಚಿತ್ರಗಳು ಸಾಲುಗಟ್ಟಿದವು. ತಾಟು ಕಟ್ಟೆಯ ಅಂಚಿನಲ್ಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಭಜ್ಜಿಯ ಮೇಲೆ ಕೆನೆಗಟ್ಟಿತು, ನೊಣ ಬಂದವು. ಮಾರುವಂತಿಲ್ಲ, ಸಾಹುಕಾರರ ತಾಟು ಎಂದು ಚೆಲ್ಲುವಂತೆಯೂ ಇಲ್ಲ. ಸಂತೆ ಕರಗಿದ ಮೇಲೆ ಗಯಾಬಾಯಿ ಅದನ್ನು ಎಳೆದುಕೊಂಡು ತಾನೇ ಉಂಡಳು. ಉಪ್ಪು ಸರಿಯಾಗಿತ್ತು, ಹುಳಿ ಸರಿಯಾಗಿತ್ತು, ಖಾರ ಸರಿಯಾಗಿತ್ತು. ಒಂದಾದರೂ ಕೆಟ್ಟಿದ್ದರೆ ಅವಳ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ಹೊರಡುವ ಮುಂಚೆ ಬಸವಕಿರಣ ಬಂದ. “ನಿನ್ನ ಮ್ಯಾಲ ಅಪ್ಪಗ ಬಾಳ ಅಭಿಮಾನ ಅದ. ಒಲಿ ಕಟ್ಟಿ ಬಿಟ್ಟುಬಿಡು. ಮೂಲ್ಯಾಗ ಒಂದು ಕಟ್ಟಿ ಅದ, ಹಸೀ ಪಲ್ಯ ಮಾರಕೊಂಡಿರು. ಯಾರಿಗೂ ತಕರಾರ ಇಲ್ಲ.”

ಗಯಾಬಾಯಿ ನಳದ ಕಟ್ಟೆಯ ಕಡೆ ನೋಡಲಿಲ್ಲ. “ನೆರಳ ಅದ ಏನ್ರಿ?” ಎಂದಳು.

“ಅದ.”

“ಆಗಲಿರಿ.”

ಗಡಿಗೆ ಎತ್ತಿ ಅಂಗಳದಲ್ಲೇ ಒಗೆದು ಬರಬೇಕಿತ್ತು ಎನ್ನುವವರು ಮೊದಲು ಹುಮನಾಬಾದದ ಗಟಾರದ ಪಕ್ಕ ನಲವತ್ತು ವರ್ಷ ಕೂತು ಬರಲಿ, ಆಮೇಲೆ ಮಾತಾಡಲಿ.

ಒಲೆಯ ಕಟ್ಟೆ ವೈಜನಾಥನ ಸಂಬಂಧಿಕಳಾದ ಸೋನುಬಾಯಿಗೆ ಹೋಯಿತು. ಅವಳ ಭಜ್ಜಿ ನೀರು ನೀರು, ಕಾಳು ಒಂದು ಕಡೆ, ರುಚಿ ಇನ್ನೊಂದು ಕಡೆ. ಆದರೂ ಅವಳ ಗಡಿಗೆ ಪ್ರತಿ ರವಿವಾರ ಖಾಲಿಯಾಗುತ್ತದೆ. ಆ ಭಜ್ಜಿಗೆ ಬೀಳುವ ಪಲ್ಯ ಗಯಾಬಾಯಿಯ ಬುಟ್ಟಿಯದು.

ಎಳ್ಳ ಅಮಾಸಿಯ ಹಿಂದಿನ ರವಿವಾರ ಮೂಲೆಯ ಕಟ್ಟೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಪಾಳಿಯನ್ನು ಸರಿಸಿಕೊಂಡು ಬಂದ ಸಂಗಮ್ಮ ಬಗ್ಗಿ, ದನಿ ತಗ್ಗಿಸಿದಳು.

“ಗಯಾ, ಹೊಲಕ್ಕ ನಲವತ್ತ ಮಂದಿ ಬರಾಕತ್ತಾರ. ಆ ಸೋನುಬಾಯಿ ಕೈಲೆ ಆಗಂಗಿಲ್ಲ. ಹುಳಿ ಯಾವಾಗ ಹಾಕ್ತಿ, ಹಿಟ್ಟು ಯಾವಾಗ ಹೊಯ್ತಿ, ಒಂದೀಟು ಹೇಳವ್ವ.”

ಗಯಾಬಾಯಿ ಮೆಂತೆಯ ಸೂಡು ಬಿಚ್ಚಿ ಕೊಳೆತ ಎಲೆ ಆರಿಸುತ್ತ ಕೂತಿದ್ದಳು.

“ನನಗ ಅಡಗಿ ಬರಂಗಿಲ್ರಿ, ಅಕ್ಕಾರ.”

“ಸುಳ್ಳ ಯಾಕ ಹೇಳ್ತಿ? ನಿನ್ನ ಭಜ್ಜಿ ರುಚಿ ನನಗ ಗೊತ್ತಿಲ್ಲೇನು?”

ಗಯಾಬಾಯಿ ತಲೆ ಎತ್ತಿದಳು. ಸಂತೆಯಲ್ಲಿ ಗಿರಾಕಿ ಕೂಗುವ ದನಿಯಲ್ಲಿ, ಪಾಳಿಯ ಕೊನೆಯವನಿಗೂ ಕೇಳುವಂತೆ, “ಹ್ಯಾಂಗ ಗೊತ್ತರಿ ಅಕ್ಕಾರ? ನೀವು ಉಂಡೀರೇನು? ಯಾವಾಗ?” ಎಂದಳು.

ಹಿಂದೆ ನಿಂತ ಹೆಣ್ಣುಮಕ್ಕಳು ಸಂಗಮ್ಮನ ಮುಖ ನೋಡಿದರು. ಅವಳ ಜ್ವರದ ಕತೆ ಕೇಳಿದ್ದ ಬೀಗರ ಮನೆಯವಳೂ ಅವರಲ್ಲಿದ್ದಳು. ಸಂಗಮ್ಮ ಕೈಚೀಲ ಮುಂದೆ ಹಿಡಿದಳು.

“ಎರಡ ಕಿಲೋ ಅವರಿಕಾಯಿ ಹಾಕು.”

ಗಯಾಬಾಯಿ ತಕ್ಕಡಿ ಎತ್ತಿದಳು. ತೂಗಿ, ಚೀಲಕ್ಕೆ ಸುರಿದಳು. ಕೊಸರು ಎಂದು ಒಂದು ಹಿಡಿಯೂ ಹೆಚ್ಚಿಗೆ ಹಾಕಲಿಲ್ಲ.

“ಮುಂದಿನೋರು ಬರ್ರಿ,” ಎಂದಳು.