ಹತ್ತರಲ್ಲಿ ಆರು ಕ್ವೇಸಾರ್

ನನ್ನ ಪಿಎಚ್‌ಡಿ ಗೈಡ್ ಬೆಳಗಾವಿ ಕಡೆಯವರು. ಪುಣೆಯಲ್ಲೇ ತಲೆ ನರೆತಿದ್ದರೂ ನನ್ನೊಡನೆ ಜಗಳಕ್ಕೆ ಅವರಿಗೆ ಕನ್ನಡವೇ ಬೇಕು. ನಮ್ಮ ಜಗಳವೆಲ್ಲ ಆಕಾಶದ ಬಗ್ಗೆ.

ಸಮೀಕ್ಷೆಯ ದೂರದರ್ಶಕಗಳು ಬೇರೆ ಬೇರೆ ಬಣ್ಣದ ಫಿಲ್ಟರ್ ಹಾಕಿ ಆಕಾಶದ ಚಿತ್ರ ತೆಗೆಯುತ್ತವೆ. ಅದರಲ್ಲಿ ಕ್ವೇಸಾರ್ ಕೂಡ ಒಂದು ಬಿಂದುವೇ. ಊಹೆಗೂ ನಿಲುಕದ ದೂರದಲ್ಲಿ, ಕಪ್ಪುಕುಳಿಯ ಸುತ್ತ ಉರಿಯುವ ಅಷ್ಟು ದೊಡ್ಡ ಬೆಳಕು, ಚಿತ್ರದಲ್ಲಿ ಮಾತ್ರ ಪಕ್ಕದ ಬಡಪಾಯಿ ನಕ್ಷತ್ರದ ಹಾಗೆ ಕಾಣುತ್ತದೆ. ಬಣ್ಣ ನೋಡಿ ಬೇರೆ ಮಾಡಬೇಕು. ಆದರೆ ಕೆಲವು ಕ್ವೇಸಾರ್‌ಗಳ ಬಣ್ಣವೂ ನಕ್ಷತ್ರಗಳ ಬಣ್ಣವೂ ಒಂದೇ. ಅಲ್ಲಿ ಗೆರೆ ಎಳೆದು ಆ ಬಣ್ಣದ್ದನ್ನೆಲ್ಲ ಆಚೆ ಹಾಕುವುದು ಹಳೆಯ ರೂಢಿ. ಆ ಗೆರೆ ಕಂಡರೆ ನನಗೆ ಮೈ ಉರಿಯುತ್ತಿತ್ತು. ಹೌದು, ಅಲ್ಲ ಎನ್ನುವ ಬದಲು, ಪ್ರತಿ ಬಿಂದುವಿನ ಬಣ್ಣ, ಅಳತೆಯಲ್ಲಿ ಆಗಬಹುದಾದ ತಪ್ಪು, ಆ ದಿಕ್ಕಿನಲ್ಲಿ ನಕ್ಷತ್ರಗಳ ದಟ್ಟಣೆ ಎಲ್ಲ ಸೇರಿಸಿ, ಅದು ಕ್ವೇಸಾರ್ ಆಗಿರುವ ಸಂಭವ ಎಷ್ಟು ಎಂದು ನಾನು ಲೆಕ್ಕ ಹಾಕಿದೆ.

ಪರೀಕ್ಷಿಸಲು ದಕ್ಷಿಣ ಅಮೆರಿಕದ ದೊಡ್ಡ ದೂರದರ್ಶಕದಲ್ಲಿ ಒಂದು ರಾತ್ರಿ ಸಿಕ್ಕಿತು. ಲೆಕ್ಕ ಸರಿಬರದಿದ್ದರೆ ಆ ಅಧ್ಯಾಯವನ್ನೇ ಪ್ರಬಂಧದಿಂದ ಕಿತ್ತುಹಾಕಬೇಕೆಂದು ಗೈಡ್ ಷರತ್ತು ಹಾಕಿದರು. ಖಾತ್ರಿಯಾದ ಬಿಂದುಗಳನ್ನೇ ಆರಿಸು ಎಂದರು. ಖಾತ್ರಿಯಾದದ್ದನ್ನು ಯಾರು ಬೇಕಾದರೂ ಹಿಡಿಯುತ್ತಾರೆ, ಅನುಮಾನವನ್ನು ಸರಿಯಾಗಿ ತೂಗಿದ್ದೇನೆಯೇ ಎನ್ನುವುದೇ ಪರೀಕ್ಷೆ ಎಂದು ಹಟ ಹಿಡಿದು, ಹತ್ತಕ್ಕೆ ಆರರಷ್ಟು ಸಂಭವವಿದ್ದ ಹತ್ತು ಬಿಂದುಗಳನ್ನು ಆರಿಸಿದೆ.

ಅಲ್ಲಿನ ರಾತ್ರಿ ನಮಗೆ ಬೆಳಗು; ಪುಣೆಯಲ್ಲೇ ಪರದೆಯ ಮುಂದೆ ಕೂತು ಇಂಟರ್‌ನೆಟ್ ಮೂಲಕ ನೋಡುವ ಏರ್ಪಾಡು. ಊರಂಚಿನ ವಾಕಡದ ನನ್ನ ಮನೆಯಿಂದ ಡಬ್ಬಿಯಲ್ಲಿ ತಂದ ಒಗ್ಗರಣೆ ಅವಲಕ್ಕಿ ಮುಟ್ಟುವವರಿಲ್ಲದೆ ಕೂತಿತ್ತು. ಮೊದಲ ಬಿಂದುವಿನ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರೆ ನಕ್ಷತ್ರ. ಎರಡನೆಯದೂ ನಕ್ಷತ್ರ.

"ಎರಡೂ ನಕ್ಷತ್ರನ ಆದ್ವಲ್ಲ. ನಾ ಏನ್ ಹೇಳಿದ್ದೆ?" ಎಂದರು ಗೈಡ್.

"ಹತ್ತರಾಗ ನಾಕು ನಕ್ಷತ್ರ ಆಗಬೇಕ್ರಿ ಸರ್. ಹತ್ತೂ ಕ್ವೇಸಾರ್ ಆದ್ರ ನನ್ನ ಲೆಕ್ಕ ತಪ್ಪು."

ಬಾಯಿ ಜೋರು ಮಾಡಿಯೇ, ಮೂರನೆಯ ಬಿಂದುವಿನತ್ತ ತಿರುಗಿಸಲು ದೂರದರ್ಶಕದವರಿಗೆ ಹೇಳಿದೆ. ಅದರ ರೇಖೆ ಪರದೆಯ ಮೇಲೆ, ಸಾದಾ ನಕ್ಷತ್ರದಲ್ಲಿ ಕಾಣದ ಹಾಗೆ, ಅಗಲವಾಗಿ ಉಬ್ಬಿ ಎದ್ದಿತು. ಕ್ವೇಸಾರ್! ನಾಲ್ಕನೆಯದೂ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ಒಂಬತ್ತರಲ್ಲಿ ಆರು ಕ್ವೇಸಾರ್, ಮೂರು ನಕ್ಷತ್ರ. ಅಷ್ಟರಲ್ಲಿ ಗೈಡ್ ಪಕ್ಷಾಂತರ ಮಾಡಿ, ಚಹಾಕ್ಕೆ ಬಂದವರಿಗೆಲ್ಲ ಇದನ್ನೇ ಹೇಳಿಕೊಂಡು ಓಡಾಡುತ್ತಿದ್ದರು. ಕೊನೆಯದೂ ಕ್ವೇಸಾರ್ ಆಗಲೆಂದು ಕುರ್ಚಿ ಎಳೆದುಕೊಂಡು ಕೂತರು. ನನ್ನ ಹಾರೈಕೆ ಉಲ್ಟಾ. ಏಳಾದರೂ ಲೆಕ್ಕವೇನೂ ಕೆಡುತ್ತಿರಲಿಲ್ಲ, ಹತ್ತರಲ್ಲಿ ಒಂದು ಹೆಚ್ಚುಕಮ್ಮಿ ಸಹಜ ಎಂದು ಗೊತ್ತಿತ್ತು. ಆದರೂ ಸರಿಯಾಗಿ ಆರೇ ಬರಲೆಂಬ ಆಸೆ ಬಿಡಬೇಕಲ್ಲ!

ಬಂದದ್ದು ಸಾದಾ ನಕ್ಷತ್ರ. ಸಮಾಧಾನ ಹೇಳಲು ಗೈಡ್ ನನ್ನತ್ತ ತಿರುಗುವಷ್ಟರಲ್ಲಿ ನಾನು ಎದ್ದು ಕುಣಿಯುತ್ತಿದ್ದೆ. ಕ್ವೇಸಾರ್ ಹುಡುಕಲು ಕೂತು ನಕ್ಷತ್ರ ಸಿಕ್ಕಿದ್ದಕ್ಕೆ ಕುಣಿಯುವವಳನ್ನು ಅವರು ಎಂದೂ ಕಂಡಿರಲಿಕ್ಕಿಲ್ಲ. ಒಮ್ಮೆ ನನ್ನನ್ನು, ಒಮ್ಮೆ ಪರದೆಯನ್ನು ನೋಡಿದರು. ಆಮೇಲೆ ನಗು ತಡೆಯಲಾಗಲಿಲ್ಲ ಅವರಿಗೆ.

"ಗೆದ್ದಿ ಬಿಡವಾ," ಎಂದರು. "ಅಧ್ಯಾಯ ಬರದು ತಗೊಂಡ ಬಾ."