ಇಸ್ತ್ರಿ ಅಂಗಿ, ಎರಡು ಕುರ್ಚಿ

ಆಧಾರ್ ಕಾರ್ಡಿಗಲ್ಲ, ಪಾಸ್‌ಬುಕ್ಕಿಗಲ್ಲ, ಯಾವ ಅರ್ಜಿಗೂ ಅಲ್ಲ, ಸುಮ್ಮನ ಒಂದು ಛಲೋ ಫೋಟೋ ಬೇಕು ಅಂತ ಇಸ್ತ್ರಿ ಅಂಗಿ ಹಾಕ್ಕೊಂಡು ಒಬ್ಬನ ಬರೋ ಮನಷ್ಯಾನ್ನ ಕಂಡ್ರ ನನ್ನ ಕೈಕಾಲು ತಣ್ಣಗಾಗ್ತಾವ. ದಾಂಡೇಲಿಯೊಳಗ ಸ್ಟುಡಿಯೋ ಇಟ್ಟು ಇಪ್ಪತ್ತು ವರ್ಷದ ಮ್ಯಾಲಾತು. ಹಂಗ ಬಂದವರನ್ನ ಮೂರು ಸಲ ನೋಡೀನಿ. ಒಬ್ಬರು ಫಾರೆಸ್ಟ್ ವಾಚರ್ ಆಗಿ ರಿಟೈರ್ ಆದವರು, ಒಬ್ಬರು ಬೇಕರಿಯವರು, ಇನ್ನೊಬ್ಬರು ನನಗ ಕನ್ನಡ ಕಲಿಸಿದ ಮಾಸ್ತರು. ಮೂವರೂ ತಲಿ ಬಾಚಿಕೊಂಡು, ಗಲ್ಲ ಎತ್ತಿ ಕುಂತು, ಫೋಟೋ ತೆಗಿಸ್ಕೊಂಡು ಹೋದ್ರು. ನಾಕು ತಿಂಗಳು ಆಗಿರಲಿಲ್ಲ, ಅವರ ಮಕ್ಕಳು ಬಂದು ಕೌಂಟರ್ ಮುಂದ ನಿಂತ್ರು. "ಅಪ್ಪಾಂದು ಒಂದು ಫೋಟೋ ನಿಮ್ಮ ಕಡೆ ಐತಂತಲ್ರೀ, ದೊಡ್ಡದು ಮಾಡಿ ಫ್ರೇಮ್ ಹಾಕಿ ಕೊಡ್ರಿ" ಅಂದ್ರು. ಮೂರೂ ಸಲ ನಾನ ಮಾಡಿ ಕೊಟ್ಟೆ. ನಾಲ್ಕನೇದ್ದು ಮಾಡೂ ಧೈರ್ಯ ನನಗಿಲ್ಲ.

ಈಗ ನನ್ನ ಗೆಳೆಯನ ಮಾತು. ಅವರಪ್ಪ, ನಮ್ಮಪ್ಪ ಇಬ್ಬರೂ ಧಾರವಾಡ ಕಡೆಯಿಂದ ಕಾಗದದ ಮಿಲ್ಲಿಗೆ ಕೆಲಸಕ್ಕ ಬಂದವರು. ಕಾಲೊನಿಯೊಳಗ ಒಂದ ಸಾಲಿನ ಮನಿ, ಸಾಲ್ಯಾಗ ಒಂದ ಬೆಂಚು, ಒಂದ ಸೈಕಲ್ಲು. ದೊಡ್ಡವರಾದ ಮ್ಯಾಲ ಅಂವ ಮಿಲ್ಲಿಗೆ ಹೋದ, ನಾ ಕ್ಯಾಮೆರಾ ಹಿಡಿದೆ. ಹದಿನೆಂಟನೇ ವಯಸ್ಸಿಗೆ ಯಾರದೋ ಕ್ಯಾಮೆರಾ ಬೇಡಿ ತಂದಾಗ ನನ್ನ ಮುಂದ ಪುಗಸಟ್ಟೆ ಕುಂದರೂ ಮಾರಿ ಅವನದೊಂದ. ಹೊಸ ಲೆನ್ಸ್ ಬಂತು ಅಂದ್ರ ಅವನ ಫೋಟೋ, ಹೊಸ ಫ್ಲ್ಯಾಶ್ ಬಂತು ಅಂದ್ರ ಅವನ ಫೋಟೋ. ಅತ್ತಿವೇರಿ ಪಕ್ಷಿಧಾಮಕ್ಕ ಹಕ್ಕಿ ಫೋಟೋ ತೆಗಿಯಾಕ ಅಂತ ಹೋಗಿ ಹಕ್ಕಿ ಎರಡು, ಅಂವ ನಲವತ್ತು ಆಗಿ ವಾಪಸ್ ಬಂದೀನಿ. ಒಂದು ಮಳಿಗಾಲ ಕ್ಯಾಸಲ್‌ರಾಕ್ ಸ್ಟೇಷನ್ನಿನ್ಯಾಗ ಗಾಡಿ ಮೂರು ತಾಸು ತಡ ಆಗಿತ್ತು. ಅಂವ ಬೆಂಚಿನ ಮ್ಯಾಲ ನನ್ನ ತೊಡಿಗೆ ತಲಿ ಕೊಟ್ಟು ಮಲಗಿಬಿಟ್ಟ. ಮ್ಯಾಲಿಂದ, ಗೇಣು ದೂರದಿಂದ ತೆಗದೆ. ಮಾರಿ ತಿರುಗಮುರುಗ, ಮೀಸಿ ಮ್ಯಾಲ ಮಳಿ ಹನಿ, ಬಾಯಿ ಅರ್ಧ ತೆರದೈತಿ. ಅಷ್ಟು ನಿಶ್ಚಿಂತಿ ಇರೋ ಮಾರಿ ನಾ ಎಲ್ಲೂ ನೋಡಿಲ್ಲ. ಆ ಫೋಟೋ ಯಾರಿಗೂ ತೋರಿಸಿಲ್ಲ, ಯಾಕಂತ ನನಗೂ ಗೊತ್ತಿಲ್ಲ.

ಅವನ ಹೆಂಡತಿಗೆ ನಾ ವೈನಿ ಅಂತೀನಿ. ಒಮ್ಮೆ ಇಬ್ಬರೂ ಅಂಗಡಿಗೆ ಬಂದಾಗ ಅವನ ಫೋಟೋ ಇದ್ದ ಫೋಲ್ಡರ್ ತೋರಿಸಿದೆ, ವೈನಿ ಒಂದೊಂದ ನೋಡಿ ನಕ್ಕರು. "ಅಲ್ರೀ ಅಣ್ಣಾರ, ನಮ್ಮ ಮನಿಯವರು ನನ್ನ ಕಡೆ ಒಂದು ದಿನನೂ ಹಿಂಗ ನೋಡಿಲ್ಲಲ್ರೀ!" ಅಂದ್ರು. ಮೂವರೂ ನಕ್ಕಿವಿ. ಆದ್ರ ಮನಿಗೆ ಹೋದ ಮ್ಯಾಲೂ ನನಗ ಆ ಮಾತು ಬಿಡಲಿಲ್ಲ, ಖುಷಿ ಆಗಿತ್ತು ಅಂತ ಹೇಳಾಕ ಈಗ ನಾಚಿಕಿಲ್ಲ.

ಹೋದ ವರ್ಷದಿಂದ ಅಂವ ನನ್ನ ಅಂಗಡಿ ಮೆಟ್ಟಲ ಏರೂವಾಗ ನಡಕ ನಿಲ್ಲಾಕ ಸುರು ಮಾಡಿದ. ಕೇಳಿದ್ರ "ಗ್ಯಾಸ್ ಆಗೇತಿ" ಅಂತಿದ್ದ. ಮಳಿಗಾಲ ಮುಗಿಯೂದ್ರೊಳಗ ಹುಬ್ಬಳ್ಳಿ ಡಾಕ್ಟರು ಗ್ಯಾಸಲ್ಲ, ಹೃದಯದ ನಾಳ ಕಟ್ಯಾವ, ಎದಿ ತೆರಿಬೇಕು ಅಂದ್ರು. ಅವತ್ತು ನಾ ವರ್ಷದ ಫೋಟೋ ಎಲ್ಲಾ ತೆರದು ಕುಂತೆ. ಒಂದರಾಗೂ ಅಂವ ನೆಟ್ಟಗ ನಿಂತಿಲ್ಲ. ಕಂಬಕ್ಕ ಒರಗ್ಯಾನ, ಗಾಡಿಗೆ ಒರಗ್ಯಾನ, ಗ್ವಾಡಿಗೆ ಒರಗ್ಯಾನ. ನಾನು ಆ ಹೊತ್ತಿನ್ಯಾಗ ಏನಂದಿದ್ದೆ ಗೊತ್ತೇನು? "ಹಂಗ ಒರಗಿ ನಿಂದ್ರಲೇ, ಹೀರೋ ಇದ್ದಂಗ ಕಾಣಸ್ತಿ" ಅಂದಿದ್ದೆ. ಕಣ್ಣಿನ ಮ್ಯಾಲ ಹೊಟ್ಟಿ ತುಂಬಿಸ್ಕೊಳ್ಳೋ ಮನಷ್ಯಾ ನಾನು, ನನಗ ಕಾಣಲಿಲ್ಲ. ಥೂ!

ಆಪರೇಷನ್ನಿಗೆ ಎಂಟು ದಿನ ಇತ್ತು. ಮಧ್ಯಾಹ್ನ ಗಿರಾಕಿ ಯಾರೂ ಇರಲಿಲ್ಲ. ಅಂವ ಬಂದ. ಮದುವಿ ಮುಂಜಿವಿಗೆ ಹಾಕ್ಕೊಳ್ಳೋ ತಿಳಿ ನೀಲಿ ಅಂಗಿ, ಗೆರಿ ಬೀಳೂ ಹಂಗ ಇಸ್ತ್ರಿ. ತಲಿಗೆ ಎಣ್ಣಿ. ನನ್ನ ಕಡೆ ನೋಡದ ಸೀದಾ ಒಳಗ ಹೋಗಿ ನೀಲಿ ಪರದೆ ಮುಂದ ಎರಡು ಕುರ್ಚಿ ಎಳಕೊಂಡ. ಒಂದರ ಮ್ಯಾಲ ಕುಂತ.

"ಒಂದು ಛಲೋ ಫೋಟೋ ತೆಗಿಯೋ" ಅಂದ.

"ಯಾಕ?"

"ಹಿಂಗ ಸುಮ್ಮನ."

ಫಾರೆಸ್ಟಿನವರೂ ಸುಮ್ಮನ ಅಂದಿದ್ರು. ಮಾಸ್ತರೂ ಸುಮ್ಮನ ಅಂದಿದ್ರು. ಅಂಜಿಕಿ ಬಂದ್ರ ನನಗ ಸಿಟ್ಟು ಬರ್ತೈತಿ, ಹುಟ್ಟುಗುಣ. "ಏನಲೇ, ಹಾರ ಹಾಕಿಸ್ಕೊಳ್ಳಾಕ ತಯಾರಿ ನಡಸೀಯೇನು? ಇದಕ್ಕ ನಾನ ಬೇಕಿತ್ತೇನು ನಿನಗ? ಎದ್ದೇಳ ಮೊದಲ!" ಅಂತ ಒದರಿದೆ.

"ಅಲ್ಲೋ, ಕೇಳಿಲ್ಲಿ..." ಅಂದ.

"ಏನೂ ಕೇಳೂದಿಲ್ಲ. ಲೈಟ್ ಕೆಟ್ಟಾವ." ಸ್ವಿಚ್ ಆಫ್ ಮಾಡಿಬಿಟ್ಟೆ. ಕೆಟ್ಟಿರಲಿಲ್ಲ, ಸುಳ್ಳ.

ಕತ್ತಲಾಗ ಅಂವ ಸ್ವಲ್ಪ ಹೊತ್ತು ಕುಂತಿದ್ದ. ಬಲಗೈ ಬಾಜೂಕಿನ ಖಾಲಿ ಕುರ್ಚಿ ಮ್ಯಾಲ ಇತ್ತು. ಆಮ್ಯಾಲ ಎದ್ದು ಚಪ್ಪಲಿ ಮೆಟ್ಟಿಕೊಂಡ. "ಆತು ಬಿಡು" ಅಂದು ಮೆಟ್ಟಲ ಇಳದು ಹೋದ.

ಆ ಎಂಟು ದಿನ ನಾ ಅವಂಗ ಫೋನ್ ಮಾಡಲಿಲ್ಲ. ಹಳಿಯಾಳದಾಗ ಮದುವಿ ಆರ್ಡರ್ ಐತಿ ಅಂತ ಎಲ್ಲರಿಗೂ ಹೇಳ್ಕೊಂಡು ಅಡ್ಡಾಡಿದೆ. ಮಾತಾಡಿದ್ರ ಮತ್ತ ಫೋಟೋ ಕೇಳ್ತಾನ, ತೆಗದ್ರ ಅಂವ ಉಳಿಯೂದಿಲ್ಲ, ಇಷ್ಟ ನನ್ನ ತಲ್ಯಾಗ ಇದ್ದದ್ದು. ಐದನೇ ದಿನವೋ ಆರನೇ ದಿನವೋ ಅಂವ ಇನ್ನೊಮ್ಮೆ ಬಂದು ಅಂಗಡಿ ಬಾಗಲದಾಗ ನಿಂತ. ಗಿರಾಕಿ ಇದ್ರು. ನಾ ಕತ್ತರಿ ಹಿಡಕೊಂಡು ಪಾಸ್‌ಪೋರ್ಟ್ ಫೋಟೋ ಕತ್ತರಸ್ಕೋತ ತಲಿ ಎತ್ತಲೇ ಇಲ್ಲ. ಅಂವ ನಿಂತದ್ದು ನನಗ ಕಂಡಿತ್ತು. ಹೋದದ್ದೂ ಕಂಡಿತ್ತು.

ಆಪರೇಷನ್ ದಿನ ಹುಬ್ಬಳ್ಳಿಗೆ ಹೋಗಿ ಬಾಗಲದ ಹೊರಗ ದಿನಾಪೂರ್ತಿ ಕುಂತೆ. ಅಂವ ಉಳದ. ಒಂದು ನಾಳ ಭಾಳ ಸಣ್ಣದೈತಿ, ಅದಕ್ಕ ಕೈ ಹಚ್ಚಾಕ ಆಗಲಿಲ್ಲ, ಜ್ವಾಕಿಯಿಂದ ಇರ್ಬೇಕು ಅಂತ ಡಾಕ್ಟರು ಹೇಳಿದ್ರು. ಮರುದಿನ ಗಾಜಿನ ಆಚೆಯಿಂದ ನೋಡಿದೆ. ಅಂವ ನನ್ನ ನೋಡಿ ಕಣ್ಣು ಮುಚ್ಚಿಕೊಂಡ. ಔಷಧದ ಮಂಪರು ಅಂತ ತಿಳ್ಕೊಂಡೆ.

ದವಾಖಾನಿಯಿಂದ ಸೀದಾ ಅವನ್ನ ಮುಂಡಗೋಡ ಕಡೆ ಪಾಳಾಕ್ಕ, ವೈನಿಯ ತವರಮನಿಗೆ ಕರಕೊಂಡು ಹೋದ್ರು. "ಗಂಡಸಿಗೂ ಬಾಣಂತನ ಬಂತು ನೋಡ್ರಿ" ಅಂತ ವೈನಿ ಫೋನಿನ್ಯಾಗ ನಕ್ಕರು. ಅವಂಗ ಕೊಡ್ರಿ ಅಂದ್ರ ಮಲಗ್ಯಾರ ಅಂತಿದ್ರು. ದಿನಾ ಮಲಗ್ಯಾರ. ತಿಂಗಳ ಮ್ಯಾಲಾತು, ಹಂಗ ನಡೀತು.

ಹೋದ ವಾರ ವೈನಿ ಮಿಲ್ಲಿಗೆ ರಜೆ ಕಾಗದ ಕೊಡಾಕ ದಾಂಡೇಲಿಗೆ ಬಂದವರು ನನ್ನ ಅಂಗಡಿಗೂ ಬಂದ್ರು. ನೀರು ಕುಡದು, ಸೆರಗಿನಿಂದ ಮಾರಿ ಒರಸ್ಕೊಂಡು, ಕೇಳಲೋ ಬ್ಯಾಡೋ ಅನ್ನೂ ಹಂಗ ಕೇಳಿದ್ರು.

"ಅಣ್ಣಾರ, ಅವತ್ತು ಜೋಡಿ ಫೋಟೋ ಯಾಕ ತೆಗಿಲಿಲ್ರೀ?"

"ಯಾವ ಜೋಡಿ ಫೋಟೋರೀ?"

"ನಿಮ್ಮಿಬ್ಬರದು. ಅದಕ್ಕಂತನ ನಮ್ಮ ಮನಿಯವರು ನನ್ನ ಕಡೆ ಅಂಗಿ ಇಸ್ತ್ರಿ ಮಾಡಿಸ್ಕೊಂಡು ಬಂದಿದ್ರು. 'ಇಷ್ಟು ವರ್ಷದಾಗ ನಮ್ಮಿಬ್ಬರದು ಒಂದೂ ಇಲ್ಲ, ಅಂವ ಯಾವಾಗಲೂ ಕ್ಯಾಮೆರಾ ಹಿಂದ ಇರ್ತಾನ' ಅಂದ್ರು. 'ಆಪರೇಷನ್ನಿಗೆ ಒಯ್ಯೂ ತನಕ ದಿಂಬಿನ ಬುಡಕ ಇಟ್ಕೊಂತೀನಿ, ಅಂವ ಬಾಜೂಕ ಕುಂತಿದ್ರ ನನಗ ಅಂಜಿಕಿ ಆಗೂದಿಲ್ಲ' ಅಂದಿದ್ರು."

ಜೋಡಿ ಫೋಟೋ ಅಂದ್ರ ಏನಂತ ಮಿಲ್ ಕಾಲೊನಿಯೊಳಗ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಮ್ಮಪ್ಪಂದಿರು ಊರು ಬಿಟ್ಟು ಬಂದ ಹೊಸದಾಗಿ, ಗೆಳೆಯನ ಜೋಡಿ ಸ್ಟುಡಿಯೋಕ್ಕ ಹೋಗಿ, ಎರಡು ಕುರ್ಚಿ ಹಾಕಿಸಿ, ಒಬ್ಬರ ಹೆಗಲಿಗೆ ಒಬ್ಬರು ಕೈ ಹಾಕ್ಕೊಂಡು ಫೋಟೋ ತೆಗಿಸ್ತಿದ್ರು. ನಾ ಇಲ್ಲಿ ಒಬ್ಬನ ಇಲ್ಲ, ಚಿಂತಿ ಮಾಡಬ್ಯಾಡ್ರಿ ಅಂತ ಅದನ್ನ ಊರಿಗೆ ಕಳಸೂದು. ನಮ್ಮ ಮನ್ಯಾಗೂ ಇತ್ತು, ಅವರ ಮನ್ಯಾಗೂ ಇತ್ತು. ಎರಡು ಕುರ್ಚಿ ಎಳಕೊಂಡು ಕುಂತ ಮನಷ್ಯಾನ್ನ ನೋಡಿ, ಸ್ಟುಡಿಯೋ ಇಟ್ಟವ ನಾನು, ಹಾರ ಹಾಕೂ ಫೋಟೋ ಅಂತ ತಿಳ್ಕೊಂಡೆ. ಇಂಥಾ ಹುಚ್ಚನನ್ನ ಎಲ್ಲಾದ್ರೂ ನೋಡೀರೇನು? ಅಂವ ಸಾಯಾಕ ತಯಾರಾಗಿರಲಿಲ್ಲ. ಅಂಜಿದ್ದ, ಅಷ್ಟ. ಅಂಜಿಕಿ ಆಗೇತಿ ಅಂತ ಬಾಯಿಬಿಟ್ಟು ಹೇಳೂದು ನಮ್ಮ ಕಡೆ ಗಂಡಸರಿಗೆ ಬರೂದಿಲ್ಲ.

ವೈನಿ ಹೋದ ಮ್ಯಾಲ ಹಾರ್ಡ್ ಡಿಸ್ಕ್ ಪೂರಾ ಹುಡುಕಿದೆ. ಹಳೇ ನೆಗೆಟಿವ್ ಬೆಳಕಿಗೆ ಹಿಡದು ನೋಡಿದೆ. ಸಾವಿರಗಟ್ಟಲೆ ಅವನ ಫೋಟೋ. ಇಬ್ಬರೂ ಇದ್ದದ್ದು ಒಂದೂ ಸಿಗಲಿಲ್ಲ. ಒಂದರಾಗ ಮಾತ್ರ ನನ್ನ ನೆರಳು ಅವನ ಕಾಲ ತನಕ ಬಂದೈತಿ.

ಮರುದಿನ ಅಂಗಡಿ ಬಾಗಲ ಹಾಕಿ, ಕ್ಯಾಮೆರಾ, ಸ್ಟ್ಯಾಂಡ್ ಗಾಡಿಗೆ ಕಟ್ಟಿಕೊಂಡು ಪಾಳಾಕ್ಕ ಹೊಂಟೆ. ಹಳಿಯಾಳ ದಾಟಿದ್ದು, ಮುಂಡಗೋಡ ದಾಟಿದ್ದು ನೆನಪಿಲ್ಲ. ಏನೇನು ಅನ್ಬೇಕು ಅಂತ ದಾರಿ ತುಂಬ ಒಬ್ಬನ ಮಾತಾಡ್ಕೋತ ಹೋದೆ.

ಅಂವ ಪಡಸಾಲ್ಯಾಗ ಮಂಚದ ಮ್ಯಾಲ ಕುಂತಿದ್ದ. ಅಂಗಿ ಇರಲಿಲ್ಲ. ಗಂಟಲ ಕೆಳಗಿಂದ ಹೊಟ್ಟಿ ತನಕ ಹೊಲಿಗಿ ಗುರುತು. ಮಾರಿ ಅರ್ಧ ಆಗಿತ್ತು. ಇಷ್ಟು ವರ್ಷ ಆ ಮೈ ನೋಡಿದ ನನ್ನ ಕಣ್ಣಿಗೆ ಎಲ್ಲಿ ನೋಡ್ಬೇಕು ಅಂತ ತಿಳಿಲಿಲ್ಲ. ಸ್ಟ್ಯಾಂಡ್ ನಿಲ್ಲಿಸಿದೆ, ಕ್ಯಾಮೆರಾ ಹಚ್ಚಿದೆ, ಹೋಗಿ ಅವನ ಬಾಜೂಕ ಮಂಚದ ಮ್ಯಾಲ ಕುಂತೆ.

"ತಪ್ಪಾತಲೇ. ಬಾ, ಇಬ್ಬರೂ ತೆಗಿಸ್ಕೊಳ್ಳೂಣು" ಅಂದೆ.

ಅಂವ ಕ್ಯಾಮೆರಾ ಕಡೆ ನೋಡಲಿಲ್ಲ. ನನ್ನ ಕಡೆನೂ ನೋಡಲಿಲ್ಲ. "ಅವತ್ತ ಅಂಜಿಕಿ ಆಗಿತ್ತೋ ನನಗ" ಅಂದ. "ಅದಕ್ಕ ಕೇಳಿದ್ದೆ. ಈಗ ಅಂಜಿಕಿ ಇಲ್ಲ. ಈಗ್ಯಾಕ?"

"ನನಗ ಆಗೇತಿ" ಅಂದೆ. "ನನಗ ಭಾಳ ಅಂಜಿಕಿ ಆಗೇತಲೇ."

ಅಂವ ಸಿಟ್ಟಿನ್ಯಾಗ ಬೈದಿದ್ರ ಸಾಕಿತ್ತು, ಬೈಲಿಲ್ಲ. ಮೆಲ್ಲಕ ಅಂದ: "ಹಂಗಾರ ಆ ಅಂಜಿಕಿ ಎಂಟು ದಿನ ಇಟ್ಕೊ. ನಾ ಇಟ್ಕೊಂಡಿದ್ದೆ." ಎದಿ ಹಿಡಕೊಂಡು ಗ್ವಾಡಿ ಕಡೆ ತಿರುಗಿ ಮಲಗಿದ.

ಫೋಟೋ ತೆಗಿಯದ ದಾಂಡೇಲಿಗೆ ವಾಪಸ್ ಬಂದೆ. ಇವತ್ತು ಐದನೇ ದಿನ. ದಿನಾ ಹೊತ್ತು ಹೊಂಡೂದಕ್ಕ ವೈನಿಗೆ ಫೋನ್ ಮಾಡ್ತೀನಿ. ಎದ್ದಾನೇನ್ರಿ ಅಂತ ಇಷ್ಟ ಕೇಳ್ತೀನಿ.