ಕಡಿಮೆ ಕುಡಿದ ಬಸ್ಸು

ಮಗಳ ಹೊಸ ಕಾರಿನಲ್ಲಿ ಸ್ಟೀರಿಂಗ್ ಹಿಂದೆ ಒಂದು ಪುಟ್ಟ ಪರದೆ ಇದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತಿದೆ ಎಂದು ಅದು ಹೊತ್ತುಹೊತ್ತಿಗೆ ಹೇಳುತ್ತದೆ. ನಾನು ನಂಬುವುದಿಲ್ಲ. ಕಾರು ಮಾಡಿದವರೇ ಇಟ್ಟ ಪರದೆ ಕಾರನ್ನು ಹೊಗಳದೆ ಇನ್ನೇನು ಮಾಡೀತು? ಇದು ನನ್ನ ಹುಟ್ಟುಗುಣ ಎಂದು ಮನೆಯವರು ನಗುತ್ತಾರೆ. ಹುಟ್ಟುಗುಣವಲ್ಲ ಸ್ವಾಮಿ, ಸಂಬಳ ಕೊಟ್ಟು ಕಲಿಸಿದ್ದು.

ಅರವತ್ತರ ದಶಕದ ಮೊದಲಲ್ಲಿ ನಾನು ಹಾಸನದ ಒಂದು ಖಾಸಗಿ ಬಸ್ಸಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಯಜಮಾನರಿಗೆ ಮೂರು ಬಸ್ಸು. ದಿನಾ ಸಂಜೆ ಬಸ್ಸುಗಳು ಬಂದು ನಿಂತ ಕೂಡಲೇ ಟ್ಯಾಂಕಿಗೆ ಗೆರೆ ಕೊರೆದ ಬಿದಿರು ಕಡ್ಡಿ ಇಳಿಸಿ ಡೀಸೆಲ್ ಎಷ್ಟು ಉಳಿದಿದೆ ಎಂದು ತಾವೇ ನೋಡುತ್ತಿದ್ದರು. ಅರಕಲಗೂಡಿನ ಬಸ್ಸು, ಹೊಳೆನರಸೀಪುರದ ಬಸ್ಸು ಕುಡಿದದ್ದು ಯಾವಾಗಲೂ ಹೆಚ್ಚೇ. ಆ ಡ್ರೈವರುಗಳಿಗೆ ಬೈಗುಳ ಬೀಳುತ್ತಿತ್ತು, ಅಷ್ಟಕ್ಕೇ ಮುಗಿಯುತ್ತಿತ್ತು. ಚನ್ನರಾಯಪಟ್ಟಣದ ಬಸ್ಸು ಓಡಿಸುತ್ತಿದ್ದ ಸಿದ್ದಯ್ಯ ಮಾತ್ರ ದಿನವೂ ಒಂದು ಗ್ಯಾಲನ್ ಉಳಿಸಿ ತರುತ್ತಿದ್ದ. ಯಜಮಾನರ ನಿದ್ದೆ ಕೆಟ್ಟದ್ದು ಅಲ್ಲಿ.

"ಇಳಿಜಾರಲ್ಲಿ ನ್ಯೂಟ್ರಲ್ ಬುಡ್ತಾನೆ ಕಣಯ್ಯ," ಅಂದರು ನನಗೆ. "ಒಂದಿನ ಬ್ರೇಕ್ ಇಡೀದೆ ಜನಾನ ಕೆರೆಗೆ ಆಕ್ತಾನೆ. ಓಗಿ ಕೂತ್ಕಂಡು ನೋಡ್ಕಂಡ್ ಬಾ."

ಗೇರು ತೆಗೆದು ಬಸ್ಸನ್ನು ಸುಮ್ಮನೆ ಉರುಳಲು ಬಿಟ್ಟರೆ ಡೀಸೆಲ್ ಉಳಿಯುತ್ತದೆ ಎಂಬುದು ಡ್ರೈವರುಗಳ ಲೆಕ್ಕಾಚಾರ. ಆಗ ಇಂಜಿನ್ನಿನ ಹಿಡಿತ ತಪ್ಪಿ, ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಸಿಕ್ಕಿಬಿದ್ದವನಿಗೆ ನಮ್ಮಲ್ಲಿ ಮರುದಿನ ಬಸ್ಸಿಲ್ಲ.

ಚನ್ನರಾಯಪಟ್ಟಣದಲ್ಲಿ ಅಕ್ಕನ ಮನೆ ಇದೆ ಎಂದು ಸುಳ್ಳು ಹೇಳಿ ನಾನು ಮೂರು ದಿನ ಸಿದ್ದಯ್ಯನ ಬೆನ್ನ ಹಿಂದಿನ ಸೀಟಿನಲ್ಲಿ ಕೂತೆ. ನಾನೆಂಥ ಪತ್ತೇದಾರ ನೋಡಿ: ಸ್ಟೀರಿಂಗ್ ಮುಟ್ಟಿದವನಲ್ಲ, ಸೈಕಲ್ಲಿನಿಂದಲೇ ಎರಡು ಸಲ ಬಿದ್ದವನು. ಸಿದ್ದಯ್ಯ ಮಾಡಿದ್ದೆಲ್ಲ ನನಗೆ ಕಳ್ಳತನವಾಗಿಯೇ ಕಂಡಿತು. ಬೆಳಿಗ್ಗೆ ಟೈರುಗಳನ್ನು ಒಂದೊಂದಾಗಿ ಕೋಲಿನಿಂದ ಬಡಿದು ಗಾಳಿ ನೋಡಿದರೆ, ಏನೋ ಬಚ್ಚಿಡುತ್ತಿದ್ದಾನೆ ಅಂದುಕೊಂಡೆ. ಎತ್ತಿನ ಗಾಡಿ ಒಂದು ಫರ್ಲಾಂಗ್ ದೂರ ಇರುವಾಗಲೇ ಆಕ್ಸಿಲರೇಟರಿನಿಂದ ಕಾಲೆತ್ತಿದರೆ, ತೂಕಡಿಸುತ್ತಿದ್ದಾನೆ ಅಂದುಕೊಂಡೆ. ಬೇರೆ ಲೈನಿನ ಬಸ್ಸು ಹಾರನ್ ಬಾರಿಸುತ್ತ ಮುಂದೆ ನುಗ್ಗಿದರೂ ಇವನು ಇದ್ದ ವೇಗದಲ್ಲೇ ಇದ್ದ. ಅವರಿಂದ ಏನೋ ಲಂಚ ತಿಂದಿರಬೇಕು ಎಂದೂ ಅನಿಸಿತು.

"ದಿನಾ ಅಕ್ಕನ ಮನೆಗೆ ಓಯ್ತೀರಲ್ಲ ಸಾ, ಬಾವ ಏನೂ ಅನ್ನಾಕಿಲ್ವಾ?" ಎಂದ ಮೂರನೆಯ ದಿನ, ಹಿಂದೆ ತಿರುಗದೆಯೇ.

ಅವತ್ತೇ ಶಾಂತಿಗ್ರಾಮ ದಾಟಿದ ಮೇಲೆ ಸಿಗುವ ಇಳಿಜಾರಿನಲ್ಲಿ ಇಂಜಿನ್ನಿನ ಅಬ್ಬರ ತಟ್ಟನೆ ಇಳಿದು ಸಣ್ಣ ಗೊಣಗಾಟವಾಯಿತು. ಸಿಕ್ಕಿಬಿದ್ದ! ಸಂಜೆ ಯಜಮಾನರ ಕಿವಿಯಲ್ಲಿ ಊದಿದೆ. ಸಿದ್ದಯ್ಯನನ್ನು ಕರೆಸಿದರು. ಅವನು ನನ್ನ ಕಡೆ ತಿರುಗಿದ.

"ನಾ ಗೇರು ತೆಗ್ದಿದ್ನ ನೋಡುದ್ರಾ ಸಾ?"

"ಸದ್ದು ಕೇಳಿಸ್ತಲ್ಲ."

"ಕಿವೀಲಿ ಗೇರು ಕಾಣ್ತದಾ?" ಎಂದವನು ಯಜಮಾನರಿಗೆ ಕೈಮುಗಿದ. "ನಾಳೀಕೆ ಒಂದ್ಸಲ ಇವ್ರ ಕೈನ ಗೇರ್ ರಾಡಿನ ಮ್ಯಾಲೆ ಇಡ್ಸಿ ಬುದ್ಧಿ. ಆಮ್ಯಾಕೆ ಬಸ್ ಕಿತ್ಕಳಿ."

ಮರುದಿನ ಅವನ ಪಕ್ಕದಲ್ಲೇ ಕೂತೆ. ಅದೇ ಇಳಿಜಾರು ಬಂತು. ಕಾಲೆತ್ತಿದ, ಅದೇ ಗೊಣಗಾಟ ಶುರುವಾಯಿತು. "ಈಗ ಮೆಲ್ಲಕೆ ಅಳ್ಳಾಡ್ಸಿ ನೋಡಿ," ಅಂದ. ನ್ಯೂಟ್ರಲ್‌ನಲ್ಲಿ ಸಡಿಲವಾಗಿ ಓಲಾಡಬೇಕಾದ ರಾಡು ನೆಟ್ಟ ಗೂಟದ ಹಾಗೆ ನಿಂತಿತ್ತು. ಗೇರು ಇದ್ದ ಜಾಗದಲ್ಲೇ ಇತ್ತು. ಬಸ್ಸನ್ನು ಇಂಜಿನ್ನೇ ಹಿಡಿದುಕೊಂಡಿತ್ತು. ಅವನು ಉಳಿಸಿದ್ದೆಲ್ಲ ಕಾಲಿನ ತಾಳ್ಮೆಯಿಂದ, ಮುಂದಿನ ದಾರಿಯ ಮೇಲಿಟ್ಟ ಕಣ್ಣಿನಿಂದ. ನನಗೆ ನಾಚಿಕೆಯಾಯಿತು.

ಸಂಜೆ ಸಿದ್ದಯ್ಯನ ಎದುರಿಗೇ ಯಜಮಾನರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನನ್ನನ್ನೇ ದಿಟ್ಟಿಸಿದರು.

"ನಿನ್ನೂ ಒಳೀಕೆ ಆಕ್ಕಂಡ್ನಾ?"

ಅನುಮಾನ ನನ್ನ ಮೇಲೆ ತಿರುಗಿದಾಗ ಅದರ ರುಚಿ ಗೊತ್ತಾಯಿತು. ಕೆಲಸ ಹೋದೀತೆಂದು ಎರಡನೆಯ ಸಲ ಬಾಯಿ ತೆರೆಯಲಿಲ್ಲ. ಯಜಮಾನರು ಬಸ್ಸು ಕಿತ್ತುಕೊಂಡರು, ಸಿದ್ದಯ್ಯ ಬೀಗದ ಕೈ ಮೇಜಿನ ಮೇಲಿಟ್ಟ. ಬಾಗಿಲಲ್ಲಿ ನನ್ನ ಪಕ್ಕ ನಿಂತು, "ಮೊದ್ಲೇ ಮುಟ್ಟಿ ನೋಡಿದ್ರೆ ಆಗಿತ್ತು ಕಣ್ ಸಾ," ಎಂದು ಹೊರಟುಹೋದ.

ಹೊಸ ಡ್ರೈವರ್ ದಾರಿಯಲ್ಲಿ ಸಿಕ್ಕ ಪ್ರತಿ ಬಸ್ಸಿನೊಡನೆಯೂ ಪಂದ್ಯ ಕಟ್ಟುವವನು. ಆ ವಾರ ಕಡ್ಡಿ ಇಳಿಸಿದಾಗ ಟ್ಯಾಂಕು ಉಳಿದೆರಡು ಬಸ್ಸುಗಳಂತೆಯೇ ಬರಿದಾಗಿತ್ತು. ಯಜಮಾನರು ಕಡ್ಡಿ ಒರೆಸುತ್ತ, "ಈಗ ಸರೋಯ್ತು ನೋಡು," ಎಂದು ನೆಮ್ಮದಿಯ ಉಸಿರು ಬಿಟ್ಟರು.

ಮೊನ್ನೆ ಇದನ್ನೆಲ್ಲ ಮೊದಲ ಸಲ ಮಗಳಿಗೆ ಹೇಳಿದೆ. ಡೀಸೆಲ್ ಉಳಿಸುವ ಉಪಾಯದ ಬಗ್ಗೆ ಏನಾದರೂ ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು, "ಆಮೇಲೆ ಆ ಸಿದ್ದಯ್ಯ ಎಲ್ಲಿಗೆ ಹೋದ್ರಪ್ಪ?" ಅಂದಳು.

ಎಲ್ಲರ ಬಗ್ಗೆಯೂ ಕೆದಕಿ ಕೆದಕಿ ವಿಚಾರಿಸಿಕೊಂಡೇ ಇಷ್ಟು ವಯಸ್ಸಾದವನು ನಾನು. ಅದೊಂದನ್ನು ಮಾತ್ರ ಯಾರನ್ನೂ ಕೇಳಿರಲಿಲ್ಲ.